ಪೊರೆಯ ಸಾಕ್ಷ್ಯ: ಆಮ್ಲಜನಕಮಾಪಕದ ಚರಿತ್ರೆಯಲ್ಲಿ ಒಂದು ಲೋಪ

ಉಪಕರಣಗಳ ಜನ್ಮವನ್ನು ವಿಸ್ತಾರವಾಗಿ ವರ್ಣಿಸಿ, ಅವುಗಳ ಪಾಲನೆಯ ವಿಷಯದಲ್ಲಿ ಮೌನ ತಾಳುವುದು ವಿಜ್ಞಾನಚರಿತ್ರೆಯನ್ನು ಬರೆಯುವವರ ವಾಡಿಕೆ. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ಸಾಧನದ ವೃತ್ತಾಂತ ಇದಕ್ಕೆ ತಕ್ಕ ನಿದರ್ಶನ. ೧೮೮೮ರಲ್ಲಿ ವಿಂಕ್ಲರನು ರಾಸಾಯನಿಕ ವಿಧಾನವನ್ನು ಪ್ರಕಟಿಸಿದನು. ೧೯೫೪ರಲ್ಲಿ ಅಮೆರಿಕದ ಲೀಲೆಂಡ್ ಕ್ಲಾರ್ಕನು ಪೊರೆ ಹೊದಿಸಿದ ವಿದ್ಯುದಗ್ರವನ್ನು ರೂಪಿಸಿದನು. ಕಥೆ ಅಲ್ಲಿಗೆ ಮುಗಿಯಿತೆಂಬುದು ಸಾಮಾನ್ಯ ನಿರೂಪಣೆ.

ಈ ನಿರೂಪಣೆ ಒಪ್ಪತಕ್ಕದ್ದಲ್ಲ. ಏಕೆಂದರೆ ಕ್ಲಾರ್ಕನ ಶೋಧವೇ ಪಾಲನೆಯ ತೊಡಕಿನಿಂದ ಹುಟ್ಟಿದ್ದು. ರಕ್ತದಲ್ಲಿ ಅದ್ದಿದ ಬರಿಯ ಪ್ಲಾಟಿನಂ ಮೇಲೆ ಪ್ರೋಟೀನು ಕಟ್ಟಿಕೊಂಡು ಅಳತೆ ಕೆಡುತ್ತಿತ್ತು. ಆತನು ಮೊದಲು ಅದಕ್ಕೆ ಸೆಲೊಫೇನ್ ಹೊದಿಸಿದನು. ಅನಂತರ ಪ್ಲಾಟಿನಂ ಹಾಗೂ ಬೆಳ್ಳಿಯ ಅಗ್ರಗಳೆರಡನ್ನೂ ಒಂದೇ ಪಾಲಿಥೀನ್ ಪೊರೆಯ ಹಿಂದೆ ಇರಿಸಿದನು. ಆಮ್ಲಜನಕ ಒಳಹೊಕ್ಕಿತು, ಕೊಳೆ ಹೊರಗುಳಿಯಿತು. ಆದರೆ ಹೊರಗುಳಿದ ಕೊಳೆ ಪೊರೆಯ ಮೇಲೆಯೇ ನಿಂತಿತಲ್ಲವೆ? ಸಮಸ್ಯೆ ನಿವಾರಣೆಯಾಗಲಿಲ್ಲ, ಸ್ಥಳಾಂತರಗೊಂಡಿತು.

ಚರಂಡಿಯ ನೀರಿನಲ್ಲಿ ಇದರ ಪರಿಣಾಮ ಗುರುತರವಾದುದು. ಪೊರೆಯ ಮೇಲೆ ಲೋಳೆ ಬೆಳೆದರೆ ಆಮ್ಲಜನಕದ ದಾರಿ ಮುಚ್ಚುತ್ತದೆ, ಲೋಳೆಯ ಜೀವಿಗಳು ತಾವೂ ಅದನ್ನು ಸೇವಿಸುತ್ತವೆ, ಸೂಚಿ ಇಳಿಯುತ್ತದೆ. ಅಗ್ರವೂ ಆಮ್ಲಜನಕವನ್ನು ವ್ಯಯಿಸುವುದರಿಂದ, ನಿಂತ ನೀರಿನಲ್ಲಿ ಕಲಕದೆ ಅಳೆದರೂ ಇದೇ ಫಲ. ಇನ್ನು ಹೈಡ್ರೊಜನ್ ಸಲ್ಫೈಡ್ ಪೊರೆಯನ್ನು ದಾಟಿ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ನದಿಯ ಸ್ಥಿತಿ ಎಲ್ಲಿ ಅತ್ಯಂತ ಹೀನವೋ, ಅಲ್ಲಿಯೇ ಸಾಕ್ಷಿಯೂ ಕೆಡುತ್ತದೆ! ಪೊರೆಯನ್ನು ಗುಳ್ಳೆಯಿಲ್ಲದಂತೆ ಬದಲಾಯಿಸಿ, ಪ್ರವಾಹ ಸ್ಥಿರವಾಗುವವರೆಗೆ ಕಾದು, ಸೋಡಿಯಂ ಸಲ್ಫೈಟ್ ದ್ರಾವಣದಲ್ಲಿ ಸೊನ್ನೆಯನ್ನೂ ತೇವಭರಿತ ಗಾಳಿಯಲ್ಲಿ ಪೂರ್ಣಮಾನವನ್ನೂ ಹೊಂದಿಸದ ಹೊರತು ಅಂಕಿಗೆ ಬೆಲೆಯಿಲ್ಲ. ಪೂರ್ಣಮಾನವಾದರೂ ಎಲ್ಲೆಡೆ ಒಂದೇ ಅಲ್ಲ. ೨೦ ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಮುದ್ರಮಟ್ಟದ ಶುದ್ಧ ಜಲಕ್ಕೆ ಲೀಟರಿಗೆ ೯.೧ ಮಿಲಿಗ್ರಾಂ, ಸುಮಾರು ೯೦೦ ಮೀಟರ್ ಎತ್ತರದ ಬೆಂಗಳೂರಿನಲ್ಲಿ ೮.೨ರ ಆಸುಪಾಸು. ಸಮುದ್ರಮಟ್ಟದ ಕೋಷ್ಟಕವನ್ನೇ ಇಲ್ಲಿ ನಂಬಿ ಹೊಂದಿಸಿದವರ ಅಂಕಿಗಳೆಲ್ಲ ಹತ್ತರಲ್ಲೊಂದರಷ್ಟು ಹೆಚ್ಚು.

ಬೆಳಕಿನ ತತ್ತ್ವದ ಹೊಸ ಸಂವೇದಕಗಳು ಆಮ್ಲಜನಕವನ್ನು ವ್ಯಯಿಸುವುದಿಲ್ಲ. ಲೋಳೆ ಮಾತ್ರ ಅವುಗಳ ಮೇಲೂ ಕೂರುತ್ತದೆ.

ಇತಿಹಾಸದ ಅಧ್ಯಾಪಕನಿಗೇಕೆ ಈ ಗೊಡವೆ ಎಂದು ಕೇಳಬಹುದು. ಕೆರೆ ನದಿಗಳ ಅವನತಿಯನ್ನು ಬರೆಯುವ ನಾವು ಈ ಅಂಕಿಗಳನ್ನೇ ಆಧಾರವಾಗಿಟ್ಟುಕೊಳ್ಳುತ್ತೇವೆ. ಶಾಸನದ ಲಿಪಿಯನ್ನು ಶಂಕಿಸಿ ಪರೀಕ್ಷಿಸುವವರು ದಾಖಲೆಪುಸ್ತಕದ ಅಂಕಿಯನ್ನು ಕಣ್ಣುಮುಚ್ಚಿ ಒಪ್ಪುವುದು ಸೋಜಿಗ. ವಾರಗಟ್ಟಲೆ ಇಳಿಯುತ್ತ ಬಂದ ಮಾನವು ಒಂದೇ ದಿನ, ಒಂದೇ ಠಾಣೆಯಲ್ಲಿ ಹಠಾತ್ತನೆ ಏರಿದರೆ, ಅದು ನದಿಯ ಚೇತರಿಕೆಯೋ ಹೊಸ ಪೊರೆಯೋ? ಅದೇ ದಿನದ ವಿಂಕ್ಲರ್ ಪರೀಕ್ಷೆಯ ಫಲವಿದ್ದರೆ ತೀರ್ಮಾನಿಸಬಹುದು. ಇಲ್ಲವಾದರೆ ಪಾಲನೆಯ ದಿನಚರಿಯೊಂದೇ ಗತಿ.

ನಾನು ಕಂಡ ಒಂದು ಪ್ರಯೋಗಶಾಲೆಯ ಪುಸ್ತಕದಲ್ಲಿ ಅಂಥದೊಂದು ಏರಿಕೆಯ ಪಕ್ಕದ ಅಂಚಿನಲ್ಲಿ ‘ಪೊರೆ ಬದಲಾಯಿಸಿದೆ’ ಎಂದು ಸೀಸದಕಡ್ಡಿಯಲ್ಲಿ ಬರೆದಿತ್ತು. ಅಚ್ಚಾದ ವರದಿಯಲ್ಲಿ ಅಂಕಿಗಳೆಲ್ಲ ಇದ್ದುವು. ಆ ಎರಡು ಪದಗಳು ಇರಲಿಲ್ಲ.