ತೋಟದ ಕಾರಿಗೆ ಡೀಸೆಲ್ ಎಂಜಿನ್ನು: ಒಂದು ಆಕ್ಷೇಪ

ಕಾಫಿತೋಟದ ಏರಿಳಿತಗಳಲ್ಲಿ ಓಡಿಸುವುದಕ್ಕೆಂದು ಕಬ್ಬಿಣದ ಕೊಳವೆಗಳನ್ನು ಬೆಸೆದು, ಇಬ್ಬರು ಕೂರುವಂಥ ಹಗುರವಾದ ಕಾರೊಂದನ್ನು ಮನೆಯ ಕೊಟ್ಟಿಗೆಯಲ್ಲಿಯೇ ನಿರ್ಮಿಸಲೆಳಸುವವನಿಗೆ, ಚೆಟ್ಟಳ್ಳಿಯಲ್ಲಾಗಲಿ ಸಿದ್ದಾಪುರದಲ್ಲಾಗಲಿ ಸುಂಟಿಕೊಪ್ಪದಲ್ಲಾಗಲಿ, ಬಲ್ಲವರಿಂದ ದೊರೆಯುವ ಪ್ರಥಮೋಪದೇಶ ಒಂದೇ: ಜೀಪಿನ ಡೀಸೆಲ್ ಎಂಜಿನ್ನನ್ನೇ ಕೂರಿಸು, ಎಳೆತವಿರುವುದು ಅದರಲ್ಲಿ. ಬಹುಕಾಲದಿಂದ ಬಹುಮಂದಿಯ ಬಾಯಲ್ಲಿ ಬಂದುದರಿಂದ ಈ ಮಾತನ್ನು ಪರೀಕ್ಷಿಸುವುದೇ ಅವಿನಯವೆನಿಸುವಂತಾಗಿದೆ. ಹಗುರವಾದ ಗೃಹನಿರ್ಮಿತ ಕಾರಿನ ಮಟ್ಟಿಗೆ ಈ ಕೀರ್ತಿಯು ಅಪಾತ್ರದಲ್ಲಿ ನೆಲೆಸಿದ ಕೀರ್ತಿಯೆಂದೂ, ಅದರ ನೆರಳಿನಲ್ಲಿ ಮಾರುತಿ ಜಿಪ್ಸಿಯ 1298 ಸಿಸಿ ಪೆಟ್ರೋಲ್ ಎಂಜಿನ್ನು ಅನ್ಯಾಯವಾಗಿ ಮರೆಯಾಗಿದೆಯೆಂದೂ ನನ್ನ ದೃಢವಾದ ಅಭಿಪ್ರಾಯ.

ವಿಲ್ಲಿಸ್ ಜೀಪು ತೋಟಗಳಿಗೆ ಬಂದ ಬಗೆ, ಪೆಟ್ರೋಲಿನ ವೆಚ್ಚಕ್ಕೆ ಬೇಸತ್ತ ಮಾಲೀಕರು ಅದರ ಮೂಲ ಎಂಜಿನ್ನನ್ನು ಕಳಚಿ ಡೀಸೆಲ್ ಕೂರಿಸಿಕೊಂಡ ಬಗೆ, ಇವೆಲ್ಲ ಈ ಸೀಮೆಯ ಓದುಗರಿಗೆ ಸುವಿದಿತ. ಗೊಬ್ಬರದ ಮೂಟೆಗಳನ್ನು ಹೊತ್ತು, ಟ್ರೈಲರನ್ನೆಳೆದು, ದಿನವಿಡೀ ದುಡಿಯುವ ಜೀಪಿಗೆ ಆ ನಿರ್ಧಾರ ಯುಕ್ತವೇ ಆಗಿತ್ತು. ಅಂಥ ವಾಹನಕ್ಕೆ ಒಪ್ಪಿದ ತೀರ್ಪನ್ನು ಅದರ ಅರ್ಧದಷ್ಟೂ ತೂಗಬಾರದ ಕಾರಿಗೆ ವಿಚಾರಿಸದೆ ಅನ್ವಯಿಸಿದ್ದು ಮಾತ್ರ ಅಯುಕ್ತ.

ಎಳೆತವೆಂಬ ಆ ಮಾತನ್ನೇ ಹಿಡಿದು ನೋಡೋಣ. ಆ ಜೀಪುಗಳ ವಂಶದಲ್ಲಿ ಬಂದ ಬೊಲೆರೊದ 2523 ಸಿಸಿ ಟರ್ಬೊ ಡೀಸೆಲ್ ಎಂಜಿನ್ನು ನಿಮಿಷಕ್ಕೆ 1400ರಿಂದ 2200 ಸುತ್ತುಗಳ ನಡುವೆ 195 ನ್ಯೂಟನ್ ಮೀಟರ್ ಟಾರ್ಕನ್ನು ಕೊಡುತ್ತದೆ. ಜಿಪ್ಸಿಯ ಎಂಪಿಎಫ್‌ಐ ಎಂಜಿನ್ನು ಕೊಡುವುದು 103, ಅದೂ 4500 ಸುತ್ತುಗಳಲ್ಲಿ. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿರಿಸಿ ವಾದವು ಮುಗಿಯಿತೆಂದು ಭಾವಿಸುವವರು, ಎಂಜಿನ್ನಿಗೂ ಚಕ್ರಕ್ಕೂ ನಡುವೆ ಗೇರುಪೆಟ್ಟಿಗೆಯೂ ಕ್ರೌನು ಪಿನಿಯನ್ನೂ ಇವೆಯೆಂಬುದನ್ನು ಮರೆತಿರುತ್ತಾರೆ. ಚಕ್ರದ ವೇಗವು ಎರಡು ಕಾರುಗಳಲ್ಲಿಯೂ ಸಮಾನವಾಗಿರಬೇಕಾದರೆ, 4500 ಸುತ್ತುವ ಎಂಜಿನ್ನಿನ ವೇಗವನ್ನು 2200 ಸುತ್ತುವ ಎಂಜಿನ್ನಿನದಕ್ಕಿಂತ ಎರಡು ಪಟ್ಟಿಗೂ ತುಸು ಹೆಚ್ಚಾಗಿ ತಗ್ಗಿಸಬೇಕು. ವೇಗ ತಗ್ಗಿದಷ್ಟೇ ಪ್ರಮಾಣದಲ್ಲಿ ಟಾರ್ಕು ಏರುತ್ತದೆ. ಲೆಕ್ಕಮಾಡಿದರೆ ಡೀಸೆಲ್ಲಿನ 195ಕ್ಕೆ ಎದುರಾಗಿ ಪೆಟ್ರೋಲ್ ಎಂಜಿನ್ನು ತಂದು ನಿಲ್ಲಿಸುವುದು 103 ಅಲ್ಲ, ಸುಮಾರು 210. ದೊಡ್ಡದೆಂದು ಮೆರೆದ ಎಂಜಿನ್ನು ಎಳೆತದ ಕಣದಲ್ಲಿಯೇ ಚಿಕ್ಕದಕ್ಕೆ ಸೋಲುತ್ತದೆ.

ಪ್ರತಿಪಕ್ಷದ ಅತ್ಯಂತ ಬಲವಾದ ವಾದ ಎತ್ತರವನ್ನು ಕುರಿತದ್ದು. ಚೆಟ್ಟಳ್ಳಿ ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರು ಮೇಲಿದೆ. ಇಲ್ಲಿ ಗಾಳಿಯ ಸಾಂದ್ರತೆ ಕರಾವಳಿಯದಕ್ಕಿಂತ ಹತ್ತರಲ್ಲೊಂದು ಪಾಲಿನಷ್ಟು ಕಡಿಮೆ, ಟರ್ಬೊ ಇಲ್ಲದ ಎಂಜಿನ್ನಿಗೆ ಆ ಪಾಲು ನಷ್ಟ. ಈ ನಷ್ಟವನ್ನು ಕಳೆದರೆ 210 ಎಂಬುದು 191ರ ಸಮೀಪಕ್ಕೆ ಇಳಿದು, ಎರಡು ಎಂಜಿನ್ನುಗಳೂ ಬಹುಮಟ್ಟಿಗೆ ಸರಿಸಮವಾಗುತ್ತವೆ. ಆಗ ನಿರ್ಣಯಿಸಬೇಕಾದುದು ತೂಕ. ಜಿಪ್ಸಿಯ ಎಂಜಿನ್ನಿನ ಬ್ಲಾಕು ಅಲ್ಯೂಮಿನಿಯಂ. ಡೀಸೆಲ್ಲಿನದು ಎರಕದ ಕಬ್ಬಿಣ. ಆರುನೂರು ಕಿಲೋ ತೂಗಬೇಕಾದ ಕಾರಿಗೆ ಭಾರವಾದ ಎಂಜಿನ್ನೂ ಅದಕ್ಕೊಪ್ಪುವ ಗೇರುಪೆಟ್ಟಿಗೆಯೂ ಸೇರಿ ನೂರು ಕಿಲೋ ಹೆಚ್ಚು ಹೇರಿದವೆಂದು ಇಟ್ಟುಕೊಂಡರೆ, ಸಮಾನವಾದ ಎಳೆತದಲ್ಲಿ ಪ್ರತಿ ಕಿಲೋವಿಗೆ ದೊರೆಯುವ ಪಾಲು ಏಳರಲ್ಲೊಂದರಷ್ಟು ಕುಗ್ಗುತ್ತದೆ. ಕೇಡು ಅಲ್ಲಿಗೂ ನಿಲ್ಲುವುದಿಲ್ಲ. ಎಂಜಿನ್ನಿನ ಭಾರಕ್ಕೆ ಚೌಕಟ್ಟಿನ ಕೊಳವೆ ದಪ್ಪವಾಗಬೇಕು, ಚೌಕಟ್ಟಿನ ಭಾರಕ್ಕೆ ಸ್ಪ್ರಿಂಗು ಬಿರುಸಾಗಬೇಕು, ಇವೆರಡರ ಭಾರಕ್ಕೆ ಬ್ರೇಕು ದೊಡ್ಡದಾಗಬೇಕು; ಮೂತಿಯ ಮೇಲೆ ಈ ಹೊರೆಯನ್ನು ಹೊತ್ತ ಹಿಂಚಕ್ರಚಾಲಿತ ಕಾರು ಜೂನ್ ಜುಲೈ ತಿಂಗಳ ಕೆಸರೇರಿನಲ್ಲಿ, ಹಿಂದಿನ ಚಕ್ರಗಳ ಮೇಲೆ ಸಾಕಷ್ಟು ಭಾರವಿಲ್ಲದೆ, ನಿಂತಲ್ಲಿಯೇ ಚಕ್ರ ತಿರುಗಿಸುತ್ತದೆ. ಕ್ಲಚ್ಚನ್ನು ಉಜ್ಜದೆ ಅತಿಮಂದಗತಿಯಲ್ಲಿ ತೆವಳುವುದರಲ್ಲಿ ಡೀಸೆಲ್ ಮೇಲೆಂಬುದನ್ನು ಒಪ್ಪುತ್ತೇನೆ; ಆ ಗುಣ ಟ್ರೈಲರು ಎಳೆಯುವವನಿಗೆ ಬೇಕು.

ಇದು ಕೇವಲ ಕಾಗದದ ಲೆಕ್ಕವೆನ್ನುವವರಿಗೆ ಕರ್ನಾಟಕದಲ್ಲಿಯೇ ನಿದರ್ಶನವಿದೆ. ಬೆಂಗಳೂರಿನ ಸಿಪಾನಿ ಸಂಸ್ಥೆಯವರು ಮೊದಲು ಬಾದಲ್ ಎಂಬ ಮೂರು ಚಕ್ರದ ಫೈಬರ್‌ಗ್ಲಾಸ್ ಕಾರಿಗೆ 198 ಸಿಸಿಯ ಟೂಸ್ಟ್ರೋಕ್ ಎಂಜಿನ್ನನ್ನು ಇಟ್ಟರು; ಅದು ಘಾಟಿಗೆ ಸಾಲದಷ್ಟು ಕಿರಿದು, ಹಗುರತನವೊಂದೇ ಸಾಲದೆಂಬುದಕ್ಕೆ ಸಾಕ್ಷಿ. ಅನಂತರ 1982ರಲ್ಲಿ, ಇಂಗ್ಲೆಂಡಿನ ರಿಲಯಂಟ್ ಕಿಟನ್ನನ್ನು ಆಧರಿಸಿ ಅವರು ಹೊರತಂದ ಡಾಲ್ಫಿನ್ ಕಾರಿನಲ್ಲಿದ್ದುದು 848 ಸಿಸಿಯ, ನಾಲ್ಕು ಸಿಲಿಂಡರಿನ, ಪೂರ್ಣ ಅಲ್ಯೂಮಿನಿಯಂ ಎಂಜಿನ್ನು. ಹಗುರವಾದ ದೇಹಕ್ಕೆ ಹಗುರವಾದ ಹೃದಯವನ್ನೇ ಆರಿಸಿದ ಈ ವಿವೇಕದ ಫಲವಾಗಿ ಆ ಪುಟ್ಟ ಕಾರು ರ‍್ಯಾಲಿಗಳಲ್ಲಿಯೂ ಷೋಲವರಂನ ಪಂದ್ಯಗಳಲ್ಲಿಯೂ ಓಡಿತು.

ಡಾಲ್ಫಿನ್ನನ್ನು ಕುರಿತು ಬರೆದ ನಮ್ಮ ಮೋಟಾರು ವಿಮರ್ಶಕರ ಮೇಲೆ ನನಗಿರುವ ಅಸಮಾಧಾನವನ್ನು ಇಲ್ಲಿ ಮರೆಸುವುದಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಡಾಲ್ಫಿನ್ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲವೆಂಬುದನ್ನೇ ಹಿಡಿದು, ಅದರ ತತ್ತ್ವವೂ ಸೋತಿತೆಂದು ತೀರ್ಮಾನಿಸುವುದು ವಿಮರ್ಶೆಯಲ್ಲ, ವ್ಯಾಪಾರದ ವರದಿ. ಅದನ್ನು ಸೋಲಿಸಿದ ಮಾರುತಿಯದೂ 796 ಸಿಸಿಯ ಎಂಜಿನ್ನಲ್ಲವೆ? ಆ ಎಂಜಿನ್ನನ್ನೇ ಬಳಸಿ ಕೊಯಮತ್ತೂರಿನ ಕರಿವರ್ಧನರು ಏಕಾಸನದ ಫಾರ್ಮುಲಾ ಮಾರುತಿ ಪಂದ್ಯದ ಕಾರುಗಳನ್ನು ನಿರ್ಮಿಸಿ, ಒಂದು ತಲೆಮಾರಿನ ಚಾಲಕರಿಗೆ ಶಾಲೆಯನ್ನೇ ತೆರೆದರಲ್ಲವೆ? ಇನ್ನೊಂದು ಗುಂಪಿನ ವಿಮರ್ಶಕರು ಅಲಿಬಾಗಿನ ಚಿಂಕಾರಾ ರೋಡ್‌ಸ್ಟರನ್ನು ಮುಂದಿಟ್ಟು, ಕಾಂಟೆಸಾದ 1.8 ಲೀಟರಿನ ಇಸುಜು ಎಂಜಿನ್ನು ಅದಕ್ಕೊಪ್ಪಲಿಲ್ಲವೆ ಎನ್ನುತ್ತಾರೆ. ಒಪ್ಪಿತು, ಆದರೆ ಅದು ಪೆಟ್ರೋಲ್ ಎಂಜಿನ್ನೆಂಬುದನ್ನು ಅವರು ಗಮನಿಸುವುದಿಲ್ಲ. ಅಶ್ವಶಕ್ತಿಯನ್ನೊಂದು ಕಡೆ, ಟಾರ್ಕನ್ನೊಂದು ಕಡೆ ಬರೆದು, ಕಾರಿನ ತೂಕವನ್ನು ಕೊನೆಯ ಸಾಲಿಗೆ ತಳ್ಳುವ ಈ ಪರಿಪಾಠವು ಯಾವ ಗ್ಯಾರೇಜಿನ ಮೇಸ್ತ್ರಿಗಿಂತಲೂ ಹೆಚ್ಚಾಗಿ ನಮ್ಮ ತರುಣರ ದಾರಿ ತಪ್ಪಿಸಿದೆ. ಮೇಸ್ತ್ರಿಯಾದರೋ ತಾನು ಕಂಡ ಜೀಪುಗಳಿಂದ ಕಲಿತು ಹೇಳುತ್ತಾನೆ. ಬರೆಯುವವನಿಗೆ ಆ ನೆವವೂ ಇಲ್ಲ.

ಜಿಪ್ಸಿಯ ಪರವಾಗಿ ಇನ್ನೊಂದು ಮಾತು. ಅದರ ಎಂಜಿನ್ನು ಉದ್ದಕ್ಕೆ ಕೂತಿದೆ. ನಾಲ್ಕು ಚಕ್ರಗಳಿಗೆ ಶಕ್ತಿಯನ್ನು ಹಂಚುವ ಪೆಟ್ಟಿಗೆ ಗೇರುಪೆಟ್ಟಿಗೆಯಿಂದ ಬೇರೆಯಾಗಿದೆ. ಅದನ್ನು ಬಿಟ್ಟು, ಗೇರುಪೆಟ್ಟಿಗೆಯಿಂದ ಹಿಂದಿನ ಆಕ್ಸೆಲ್ಲಿಗೆ ನೇರವಾಗಿ ಷಾಫ್ಟು ಜೋಡಿಸಬಹುದು. ಮನೆಯಲ್ಲಿ ಕಟ್ಟುವವನಿಗೆ ಇದಕ್ಕಿಂತ ಸರಳವಾದ ವಿನ್ಯಾಸ ನಮ್ಮ ದೇಶದ ಗುಜರಿಯಲ್ಲಿ ದೊರೆಯದು.

ಡೀಸೆಲ್ಲಿನ ಮಿತವ್ಯಯವನ್ನು ಎತ್ತುವವರು, 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಟನ್ನು ಒಪ್ಪುವುದಿಲ್ಲವೆಂಬುದನ್ನು ನೆನೆಯಬೇಕು. ಹೀಗೆ ಕಟ್ಟಿದ ಕಾರಿನ ಸಂಚಾರ ಬಹುಮಟ್ಟಿಗೆ ತೋಟದ ದಾರಿಗೂ ಆಟೋಕ್ರಾಸಿನ ಮೈದಾನಕ್ಕೂ ಸೀಮಿತ. ದೂರಪ್ರಯಾಣದ ಉಳಿತಾಯ ಅದಕ್ಕೆ ಸಲ್ಲದ ಲಾಭ. ಎಂಜಿನ್ನಿಗೆ ಮುಂಗಡ ಕೊಡುವ ಮೊದಲು, ಗೇರುಪೆಟ್ಟಿಗೆಯ ಸಮೇತ ಅದನ್ನು ಕಾಫಿಮೂಟೆ ತೂಗುವ ತಕ್ಕಡಿಯ ಮೇಲೇರಿಸಿ ನೋಡಿರೆಂದು ಕಟ್ಟಲು ಹೊರಟ ಪ್ರತಿಯೊಬ್ಬರನ್ನೂ ಕೇಳಿಕೊಳ್ಳುತ್ತೇನೆ. ಆ ತಕ್ಕಡಿ ಈ ಸೀಮೆಯ ತೋಟಗಳಲ್ಲಿ ಹೇಗೂ ಇದೆ.