ಒಂದೇ ಕಲೆ, ಎರಡು ಹಗ್ಗ

ಕಬ್ಬಿನ ಹಂಗಾಮು ಬಂತೆಂದರೆ ಅಥಣಿ, ಕಾಗವಾಡ, ರಾಯಬಾಗದ ಹೊಲಗಳಲ್ಲಿ ಕೊಯ್ತಾ ತಾಗಿ ಕೈ ಕೊಯ್ದುಕೊಳ್ಳುವುದು ಹೊಸದಲ್ಲ. ಅಂಗಿಗೆ ರಕ್ತ ಹತ್ತಿದರೆ ಮನೆಯ ಹಿರಿಯಳು ಹೇಳುವುದು ಎರಡೇ ಮಾತು: ‘ತಣ್ಣೀರಾಗ ನೆನಿ ಹಾಕ, ಬಿಸಿನೀರು ಮುಟ್ಟಸಬ್ಯಾಡ. ಕಲೆ ಹೋದಮ್ಯಾಲ ಬಿಸಿಲಿಗೆ ಹಾಕ.’ ಒಗ್ಯಾಣವೂ ಒಂದು ವಿದ್ಯೆ. ಅದನ್ನೂ ಒರೆಗೆ ಹಚ್ಚಿ ನೋಡಬೇಕು.

ಮೊದಲ ಮಾತಿಗೆ ಪೂರ್ತಿ ಅಂಕ. ರಕ್ತದ ಕೆಂಪು ಹಿಮೋಗ್ಲೋಬಿನ್ ಎಂಬ ಪ್ರೋಟೀನಿನದು. ಕಾದ ಬಾಣಲೆಗೆ ಬಿದ್ದ ಮೊಟ್ಟೆಯ ಬಿಳಿಯಂತೆ ಅದು ಬಿಸಿಗೆ ಗಟ್ಟಿಯಾಗಿ ನೂಲಿನೊಳಗೇ ಕಚ್ಚಿಕೊಳ್ಳುತ್ತದೆ. ಕಲೆ ಇರುವಾಗಲೇ ಇಸ್ತ್ರಿ ಹಾಕಿದರೂ ಇದೇ ಗತಿ. ತಣ್ಣೀರಿನಲ್ಲಿ ನೆನೆಸಿ, ಒಳಮಗ್ಗುಲಿನಿಂದ ಧಾರೆ ಬಿಟ್ಟು, ಆಮೇಲೆ ಸಬಕಾರ ಹಚ್ಚುವುದೇ ಸರಿಯಾದ ಕ್ರಮ. ಅಂಟುವಾಳಕ್ಕೂ ಗುಣವಿದೆ: ಅದರ ನೊರೆ ಕೊಡುವ ಸಪೋನಿನ್ ರಕ್ತಕಣಗಳನ್ನೇ ಒಡೆಯಬಲ್ಲದು.

ಲಿಂಬೆ, ಹುಣಸೆ ತಿಕ್ಕುವವರ ಉತ್ಸಾಹ ಮಾತ್ರ ಎಡವಟ್ಟು. ಆಮ್ಲ ತಾಗಿದರೆ ರಕ್ತ ಕಂದುಗಟ್ಟುತ್ತದೆ. ಹಿಮೋಗ್ಲೋಬಿನ್ ಅಳೆಯುವ ಹಳೆಯ ಸಾಹ್ಲಿ ವಿಧಾನ ನಿಂತಿದ್ದೇ ಈ ಗುಣದ ಮೇಲೆ. ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಬಿಳಿ ಧೋತರಕ್ಕೆ ಒಳ್ಳೆಯದು, ಬಣ್ಣದ ಬಟ್ಟೆಗೆ ಅಪಾಯ. ಪ್ರೋಟೀನ್ ಕರಗಿಸುವ ಎನ್ಜೈಮ್ ಪುಡಿ ಹತ್ತಿಗೆ ಆದೀತು. ಇಳಕಲ್ ಸೀರೆಯ ರೇಷ್ಮೆ ಸೆರಗೂ ಪ್ರೋಟೀನೇ, ಈ ಪುಡಿ ಅದನ್ನೂ ತಿನ್ನುತ್ತದೆ. ಬೋರಿನ ಗಡಸು ನೀರಿನಲ್ಲಂತೂ ಸಬಕಾರ ನೊರೆಯಾಗುವ ಬದಲು ಮೊಸರಿನಂತೆ ಒಡೆಯುತ್ತದೆ. ಬ್ಯಾಸಗಿಯಲ್ಲಿ ಕೃಷ್ಣೆ ಬತ್ತಿ ಬೋರಿನ ನೀರೇ ಗತಿಯಾದಾಗ ಎಷ್ಟು ತಿಕ್ಕಿದರೂ ಕಲೆ ಮಾಸದಿದ್ದರೆ ಅದು ಕೈಯ ತಪ್ಪಲ್ಲ.

ಎರಡನೆಯ ಮಾತಿಗೆ ಬರೋಣ. ಹಿತ್ತಲಿಗೆ ಹೋಗಿ ಹಗ್ಗ ನೋಡಿ. ಕೊಯ್ತಾದ ಗಾಯದ ಅಂಗಿ ನಡುಬಿಸಿಲಿಗೆ ತೋಳು ಚಾಚಿ ನಿಂತಿರುತ್ತದೆ. ಹಳೆ ಸೀರೆ ಹರಿದು ಮಾಡಿಕೊಂಡ ಮುಟ್ಟಿನ ಅರಿವಿಯೂ ಅದೇ ನೀರು, ಅದೇ ಸಬಕಾರ ಕಂಡಿದೆ. ಅದು ಬಚ್ಚಲ ಮೂಲೆಯ ಇನ್ನೊಂದು ಹಗ್ಗದ ಮೇಲೆ, ದಪ್ಪ ಸೀರೆಯ ಅಡಿಯಲ್ಲಿ. ಮುಟ್ಟಿದರೆ ಸಂಜೆಗೂ ಹಸಿ. ಕಲೆ ತೆಗೆಯುವ ಕೈ ಗೆದ್ದಿದೆ, ಒಣಗಿಸುವ ಕೈ ಸೋತಿದೆ. ಬಿಸಿಲು ಬರೀ ಒಣಗಿಸುವುದಿಲ್ಲ, ರೋಗಾಣುಗಳನ್ನೂ ಕೊಲ್ಲುತ್ತದೆ. ನಿಪ್ಪಾಣಿಯಲ್ಲಿ ದಿನವಿಡೀ ಕೂತು ಬೀಡಿ ಕಟ್ಟುವವಳಿಗೆ ಆರದ ಅರಿವಿ ಎಂದರೆ ತುರಿಕೆ, ಹುಣ್ಣು.

ಇನ್ನು ಕಬ್ಬು ಕಡಿಯಲು ಗಡಿಯಾಚೆಯಿಂದ ಬಂದು ಹೊಲದಂಚಿನ ಗುಡಿಸಲಲ್ಲಿರುವ ಹೆಣ್ಣುಮಕ್ಕಳಿಗೆ ಮರೆ ಮಾಡಿದ ಬಚ್ಚಲೂ ಇಲ್ಲ. ಬೀಡ ಜಿಲ್ಲೆಯ ಇಂಥ ಅನೇಕ ಕೂಲಿ ಹೆಣ್ಣುಮಕ್ಕಳು ಗರ್ಭಕೋಶವನ್ನೇ ತೆಗೆಸಿಕೊಂಡ ಸುದ್ದಿ 2019ರಲ್ಲಿ ಹೊರಬಿದ್ದು, ಮಹಾರಾಷ್ಟ್ರ ಸರ್ಕಾರ ವಿಚಾರಣಾ ಸಮಿತಿ ನೇಮಿಸಬೇಕಾಯಿತು. ಅದಕ್ಕೆ ಕೂಲಿ, ಸಾಲ, ವೈದ್ಯರು ಎಂದು ಕಾರಣ ಹಲವು; ತಿಂಗಳ ರಕ್ತ ತೊಳೆಯಲು ನೀರೂ ಮರೆಯೂ ಇಲ್ಲದ್ದನ್ನು ಆ ಲೆಕ್ಕದಿಂದ ಬಿಡಲಾಗದು.

ಶಾಲೆಯಲ್ಲಿ ಪ್ಯಾಡ್ ಸಿಕ್ಕ ಹುಡುಗಿಯರಿಗೆ ತೊಳೆಯುವ ಕೆಲಸ ತಪ್ಪಿರಬಹುದು. ಅವರ ಅವ್ವಂದಿರಿಗೆ ತಪ್ಪಿಲ್ಲ. ಚಿಕ್ಕೋಡಿ ಸೀಮೆಯ ಈ ವಿದ್ಯೆಗೆ ಹೊಸ ಪುಡಿ ಸೇರಿಸುವ ತುರ್ತೇನಿಲ್ಲ. ಅಂಗಿಗೆ ಹೇಳುವ ಎರಡನೆಯ ಮಾತನ್ನು ಹಿರಿಯಳು ಆ ಅರಿವಿಗೂ ಗಟ್ಟಿಯಾಗಿ ಹೇಳಲಿ: ‘ಬಿಸಿಲಿಗೆ ಹಾಕ.’