ಆರಿಸಿಕೊಂಡ ನೆರೆ

ಹುಣಸೂರಿನ ಹೊರವಲಯದ ಹೊಸ ಬಡಾವಣೆಯಲ್ಲಿ ನಮ್ಮಪ್ಪ ಮೂವತ್ತು ನಲವತ್ತರ ಸೈಟು ನೋಡಲು ಹೋದ ದಿನ ನಾನೂ ಜೊತೆಗಿದ್ದೆ. ನೀರು, ಖಾತೆ, ರಸ್ತೆಯ ಅಗಲ ಎಲ್ಲ ವಿಚಾರಿಸಿ ಮುಗಿದ ಮೇಲೆ ಬ್ರೋಕರು ದನಿ ತಗ್ಗಿಸಿ, ‘ಒಳ್ಳೆ ಜನ ಇರೋ ಏರಿಯಾ ಸಾರ್, ಯಾವ ತಕರಾರೂ ಇಲ್ಲ’ ಎಂದರು. ಒಳ್ಳೆ ಜನ ಎಂದರೆ ಯಾರು ಎಂದು ಅಪ್ಪ ಕೇಳಲಿಲ್ಲ. ನಾನೂ ಕೇಳಲಿಲ್ಲ. ಇಬ್ಬರಿಗೂ ಅರ್ಥವಾಗಿತ್ತು. ಕನ್ನಡ ಕಾದಂಬರಿಗಳಲ್ಲಿ ಊರು ಮತ್ತು ಕೇರಿಯ ಚಿತ್ರಣದ ಬಗ್ಗೆ ಸಂಶೋಧನೆಗೆ ನೋಂದಾಯಿಸಿಕೊಂಡಿದ್ದ ನನಗೆ ಆ ಒಂದು ವಾಕ್ಯ ಕಾದಂಬರಿಗಳನ್ನು ಮತ್ತೆ ಓದುವಂತೆ ಮಾಡಿತು.

ಕನ್ನಡದಲ್ಲಿ ‘ನೆರೆ’ ಎಂದರೆ ಪಕ್ಕದ ಮನೆಯೂ ಹೌದು, ಪ್ರವಾಹವೂ ಹೌದು. ನಮ್ಮ ಭಾಗದ ಚರಿತ್ರೆಯಲ್ಲಿ ಎರಡಕ್ಕೂ ನಂಟಿದೆ. ಹಳೆಯ ಎಡತೊರೆ ಕಾವೇರಿಯ ಪ್ರವಾಹಕ್ಕೆ ಸಿಕ್ಕಮೇಲೆ ನಾಲ್ವಡಿಯವರ ಹೆಸರಿನಲ್ಲಿ ಕಟ್ಟಿದ ಹೊಸ ಊರೇ ಕೆ.ಆರ್. ನಗರ. ಎಚ್.ಡಿ. ಕೋಟೆಯಲ್ಲಿ ಕಬಿನಿ ಜಲಾಶಯ ಹಳ್ಳಿಗಳನ್ನು ಮುಳುಗಿಸಿತು. ನಾಗರಹೊಳೆ ಕಾಡಿನಿಂದ ಹೊರಬಂದ ಜೇನುಕುರುಬರಿಗೆ ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಸಾಲುಮನೆಗಳಾದವು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಗೆ 1960ರ ದಶಕದ ಆರಂಭದಲ್ಲಿ ಟಿಬೆಟಿನ ನಿರಾಶ್ರಿತರು ಬಂದರು. ಇವರಲ್ಲಿ ಯಾರೂ ನೆರೆಹೊರೆಯನ್ನು ಆರಿಸಿಕೊಂಡವರಲ್ಲ. ಹೊಳೆಯೋ ಸರ್ಕಾರವೋ ಅವರಿಗೆ ನೆರೆಯನ್ನು ಗೊತ್ತುಮಾಡಿತು. ಹಳ್ಳಿಯಲ್ಲಿ ಇದ್ದವರಿಗೆ ಹುಟ್ಟೇ ಅದನ್ನು ಗೊತ್ತುಮಾಡಿತ್ತು.

ಈ ತಾಲ್ಲೂಕುಗಳಿಂದ ಬಂದ ದೊಡ್ಡ ಕಾದಂಬರಿಗಳು ಬರೆದದ್ದೂ ಈ ಆಯ್ಕೆಯಿಲ್ಲದ ನೆರೆಯನ್ನೇ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಚದುರಂಗರ ‘ವೈಶಾಖ’ದಲ್ಲಿ ಜಾತಿವಾರು ಕೇರಿಗಳೇ ಕತೆಯ ನಕ್ಷೆ. ಯಾರು ಎಲ್ಲಿಯವರೆಗೆ ನಡೆಯಬಹುದು ಎಂಬುದು ಎಲ್ಲರಿಗೂ ಗೊತ್ತು. ಹಾಗಾಗಿ ಒಂದು ಹೆಜ್ಜೆ ಆಚೆ ಇಟ್ಟರೂ ಅದು ಘಟನೆಯಾಗುತ್ತದೆ. ಎಚ್.ಡಿ. ಕೋಟೆ ತಾಲ್ಲೂಕಿನ ಶ್ರೀಕೃಷ್ಣ ಆಲನಹಳ್ಳಿಯವರ ‘ಕಾಡು’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿ ಕೊಪ್ಪಲು ಮತ್ತು ಹೊಸೂರು ಎರಡು ಬಣಗಳಾಗಿ ಹೊಡೆದಾಡುತ್ತವೆ. ಗಿರೀಶ ಕಾರ್ನಾಡರು 1973ರಲ್ಲಿ ಇದನ್ನು ಸಿನಿಮಾ ಮಾಡಿದ್ದರಿಂದ ಹಗೆಯ ಕತೆ ಎಂದೇ ಹೆಚ್ಚಿನವರ ನೆನಪಿನಲ್ಲಿ ಉಳಿದಿದೆ. ಆದರೆ ಬಂಧುಗಳ ಮನೆಯಲ್ಲಿ ಬೆಳೆಯುವ ಹುಡುಗ ಕಿಟ್ಟಿಯ ಕಣ್ಣಿನಲ್ಲಿ ನೋಡಿದರೆ ಬೇರೆಯೇ ಒಂದು ಸಂಗತಿ ಕಾಣುತ್ತದೆ. ಚಂದ್ರೇಗೌಡನೂ ಅವನ ವಿರೋಧಿಗಳೂ ಒಬ್ಬರನ್ನೊಬ್ಬರು ಕೊಲ್ಲಲು ಹೊರಟವರು. ಆದರೂ ಗಂಡಸುತನ ಎಂದರೇನು, ಮಾನ ಎಂದರೇನು ಎಂಬುದರಲ್ಲಿ ಅವರ ನಡುವೆ ಒಂದಿಷ್ಟೂ ಭಿನ್ನಾಭಿಪ್ರಾಯವಿಲ್ಲ. ಆ ಒಪ್ಪಂದದ ಬೆಲೆ ತೆರುವವಳು ಕಮಲಿ. ಎರಡು ಬಣಗಳ ಕತೆಯಲ್ಲಿ ಅವಳು ಯಾವ ಬಣದವಳೂ ಅಲ್ಲ.

ಈಚಿನ ಕನ್ನಡ ಕಥನದಲ್ಲಿ ಮಧ್ಯಮವರ್ಗದ ಮನೆಯನ್ನು ಎಚ್ಚರದಿಂದ ನೋಡಿದವರು ವಿವೇಕ ಶಾನಭಾಗ. ‘ಘಾಚರ್ ಘೋಚರ್’ನ ಕುಟುಂಬ ಇರುವೆ ತುಂಬಿದ ಪುಟ್ಟ ಮನೆಯಿಂದ ಬೆಂಗಳೂರಿನ ಇನ್ನೊಂದು ಬದಿಯ ದೊಡ್ಡ ಮನೆಗೆ ಹೋಗುತ್ತದೆ. ಅಲ್ಲಿ ನನ್ನನ್ನು ಕಾಡುವ ದೃಶ್ಯ ನಡೆಯುವುದು ಮನೆಯ ಬಾಗಿಲಲ್ಲಿ. ಚಿಕ್ಕಪ್ಪನನ್ನು ಕೇಳಿಕೊಂಡು, ಕೈಯಲ್ಲಿ ಅಡುಗೆಯ ಪಾತ್ರೆ ಹಿಡಿದು ಬಂದ ಹೆಂಗಸನ್ನು ಮನೆಯ ಹೆಂಗಸರು ಬೈದು ಅಟ್ಟುತ್ತಾರೆ. ಒಳಗಿರುವವರಿಗೆ ತಮ್ಮತಮ್ಮಲ್ಲಿ ಎಷ್ಟೇ ಅಸಮಾಧಾನ ಇರಲಿ, ಬಾಗಿಲಲ್ಲಿ ನಿಂತವರ ಎದುರು ಎಲ್ಲರೂ ಒಂದು. ತಪ್ಪು ಎನ್ನುವವಳು ಅನಿತಾ ಒಬ್ಬಳೇ, ಅವಳೂ ಹೊರಗಿನಿಂದ ಬಂದ ಸೊಸೆ. 2021ರ ‘ಸಕೀನಾಳ ಮುತ್ತು’ ಕಾದಂಬರಿಯಲ್ಲಿ ರಾಜಕೀಯ ಭಿನ್ನತೆ ಮನೆಯೊಳಕ್ಕೇ ಬಂದು ಗಂಡಹೆಂಡಿರ ನಡುವೆ, ತಂದೆ ಮಗಳ ನಡುವೆ ಕೂತಿದೆ. ಎರಡೂ ಬೆಂಗಳೂರಿನ ಕತೆಗಳು. ಪಕ್ಕದ ಮನೆಯವರು ಅಲ್ಲಿ ಕತೆಗೆ ಬೇಕಾಗುವುದಿಲ್ಲ.

ಹೀಗೆ ಒಂದು ಕಡೆ ಕೇರಿ, ಇನ್ನೊಂದು ಕಡೆ ಮಹಾನಗರ. ಇವೆರಡರ ನಡುವೆ ಇರುವ ತಾಲ್ಲೂಕು ಕೇಂದ್ರದ ಬಡಾವಣೆಯನ್ನು ನಾವು ಇನ್ನೂ ಸರಿಯಾಗಿ ಬರೆದಿಲ್ಲ. ಮೇಷ್ಟರು, ಎಲ್ಐಸಿ ಏಜೆಂಟರು, ತಂಬಾಕು ಬೆಳೆದ ದುಡ್ಡಿನಲ್ಲಿ ಮನೆ ಕಟ್ಟಿದ ರೈತರು, ನಿವೃತ್ತ ಪೊಲೀಸರು ಒಂದೇ ರಸ್ತೆಯಲ್ಲಿರುವ ಜಾಗ ಅದು. ಕಾಂಪೌಂಡಿನ ಆಚೆಯವರು ಯಾವ ಪಕ್ಷ ಎಂಬುದು ಎಲ್ಲರಿಗೂ ಗೊತ್ತು, ಆದರೆ ಇಲ್ಲಿ ಪಕ್ಷ ಸ್ಥಿರವಾದದ್ದೂ ಅಲ್ಲ. ಕೆ.ಆರ್. ನಗರದ ಎ.ಎಚ್. ವಿಶ್ವನಾಥ್ ಕಾಂಗ್ರೆಸ್ಸಿನಲ್ಲಿ ದಶಕಗಳ ಕಾಲ ಇದ್ದವರು. 2018ರಲ್ಲಿ ಹುಣಸೂರಿನಿಂದ ಜೆಡಿಎಸ್ ಶಾಸಕರಾಗಿ ಗೆದ್ದು, 2019ರ ಉಪಚುನಾವಣೆಯಲ್ಲಿ ಅದೇ ಕ್ಷೇತ್ರದಲ್ಲಿ ಬಿಜೆಪಿಯಿಂದ ನಿಂತು ಸೋತರು. ನಾಯಕರ ಜೊತೆ ರಸ್ತೆಯ ಅರ್ಧ ಮನೆಗಳೂ ಪಕ್ಷ ಬದಲಿಸುತ್ತವೆ. ಹಾಗೆಂದು ಎಲ್ಲವೂ ಹಗುರವಲ್ಲ. 2017ರ ಡಿಸೆಂಬರಿನಲ್ಲಿ ಹನುಮ ಜಯಂತಿ ಮೆರವಣಿಗೆಯ ವಿವಾದ ಎದ್ದಾಗ, ಊರಿನಲ್ಲಿ ಯಾರು ಯಾವ ಬೀದಿಯಲ್ಲಿ ನಡೆಯಬಹುದು ಎಂಬ ಹಳೆಯ ಪ್ರಶ್ನೆಯೇ ಹೊಸ ಬಟ್ಟೆ ತೊಟ್ಟು ಬಂದಿತ್ತು.

ಭಿನ್ನ ರಾಜಕೀಯದ ನೆರೆಹೊರೆಯ ಬಗ್ಗೆ ಕತೆ ಬರೆಯಲು ಹೊರಟವರಿಗೆ ಒಂದು ಸುಲಭದ ದಾರಿ ಯಾವಾಗಲೂ ತೆರೆದಿರುತ್ತದೆ. ಜಗಳವಾಡುವ ಇಬ್ಬರು, ಒಂದು ಅಪತ್ತು, ಆಮೇಲೆ ಕಣ್ಣೀರು, ಕೊನೆಗೆ ಮನುಷ್ಯತ್ವದ ಗೆಲುವು. ನನ್ನ ಬಳಿಯೂ ಅಂಥ ಕತೆಯಿದೆ. ನಮ್ಮ ಪಕ್ಕದ ಮನೆಯವರನ್ನು ನಾನು ಮಾವ ಎಂದೇ ಕರೆಯುವುದು. ಮಾವ ಭೈರಪ್ಪನವರ ‘ಆವರಣ’ವನ್ನು ಎರಡು ಸಲ ಓದಿದವರು. ನಮ್ಮ ಮನೆಯಲ್ಲಿ ದೇವನೂರ ಮಹಾದೇವರ ‘ಆರ್‌ಎಸ್‌ಎಸ್ ಆಳ ಮತ್ತು ಅಗಲ’ ಇದೆ. ಪುಸ್ತಕ ಬದಲಾಯಿಸಿಕೊಂಡಿದ್ದೇವೆ, ಅಭಿಪ್ರಾಯ ಬದಲಾಗಿಲ್ಲ. ಅಪ್ಪನಿಗೆ ಎದೆನೋವು ಬಂದ ರಾತ್ರಿ ಮಾವ ಲುಂಗಿಯಲ್ಲೇ ಕಾರು ತೆಗೆದು ಮೈಸೂರಿನವರೆಗೆ ಓಡಿಸಿದರು. ಬೆಳಗಿನವರೆಗೆ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದರು.

ಕತೆಯನ್ನು ಇಲ್ಲಿಗೇ ನಿಲ್ಲಿಸಿದ್ದರೆ ಓದುಗರಿಗೆ ಹಿತವಾಗುತ್ತಿತ್ತು. ಅದಾಗಿ ಮೂರು ತಿಂಗಳಿಗೆ ಮಾವನ ಮಹಡಿ ಮನೆ ಖಾಲಿಯಾಯಿತು. ಅತಿಥಿ ಉಪನ್ಯಾಸಕನಾಗಿ ಊರಿಗೆ ಬಂದಿದ್ದ ನನ್ನ ಸಹಪಾಠಿಯನ್ನು ಕರೆದುಕೊಂಡು ಹೋದೆ. ಮಾವ ಹೆಸರು ಕೇಳಿದರು. ಕಾಫಿ ಕೊಟ್ಟರು. ಆಮೇಲೆ, ‘ಬೆಂಗಳೂರಿಂದ ಮಗ ಬರ್ತಾನಂತೆ ಕಣಪ್ಪ, ಈಗ ಬಾಡಿಗೆಗೆ ಕೊಡೋಕಾಗಲ್ಲ’ ಎಂದರು. ಮಗ ಬರಲಿಲ್ಲ. ಮುಂದಿನ ತಿಂಗಳು ಬೇರೆ ಬಾಡಿಗೆದಾರರು ಬಂದರು. ಗೆಳೆಯ ತನ್ನವರು ಹೆಚ್ಚಿರುವ ಮೊಹಲ್ಲಾದಲ್ಲಿ ಮನೆ ಹಿಡಿದ. ಚುನಾವಣೆಯ ಬಗ್ಗೆ ಮಾವನ ಜೊತೆ ಗಂಟೆಗಟ್ಟಲೆ ವಾದ ಮಾಡುವ ನಾನು ಈ ವಿಷಯದಲ್ಲಿ ತುಟಿ ಬಿಚ್ಚಲಿಲ್ಲ. ಆಸ್ಪತ್ರೆಯ ಋಣ ನೆನಪಾಯಿತು ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ.

ಈ ಮೌನದ ನಂತರವೇ ‘ಕಾಡು’ ನನಗೆ ಸರಿಯಾಗಿ ಓದಿಗೆ ಸಿಕ್ಕಿದ್ದು. ಮಾವನೂ ನಾನೂ ರಾಜಕೀಯದಲ್ಲಿ ಎರಡು ಬಣ. ಆದರೆ ಈ ರಸ್ತೆಯಲ್ಲಿ ಯಾರು ಇರಬಹುದು ಎಂಬ ಪ್ರಶ್ನೆಯಲ್ಲಿ ನಮ್ಮ ಎರಡೂ ಮನೆಗಳದ್ದು ಒಂದೇ ಪಕ್ಷ. ಅವರು ಮಾತಿನಿಂದ ಅದರ ಸದಸ್ಯರಾದರು, ನಾನು ಮಾತಾಡದೆ ಆದೆ. ನಮ್ಮ ವಾದಗಳು ಇಷ್ಟು ಸೌಹಾರ್ದದಿಂದ ನಡೆಯಲು ಕಾರಣವೂ ಬಹುಶಃ ಇದೇ. ವಾದ ಶುರುವಾಗುವ ಮೊದಲೇ, ಸೈಟು ಕೊಳ್ಳುವ ದಿನವೇ, ನಿಜವಾಗಿ ಇತ್ಯರ್ಥವಾಗಬೇಕಾದದ್ದು ಇತ್ಯರ್ಥವಾಗಿತ್ತು. ಉಳಿದ ಭಿನ್ನಾಭಿಪ್ರಾಯ ಕಾಂಪೌಂಡಿನ ಒಳಗಿನ ಸುಖ.

ಹಾಗಾಗಿ ಬಡಾವಣೆಯ ಕತೆಗಳನ್ನು ಓದುವಾಗ ವಿಮರ್ಶೆ ಕೇಳಬೇಕಾದ ಮೊದಲ ಪ್ರಶ್ನೆ ‘ವಿರೋಧಿ ಪಾತ್ರಕ್ಕೆ ನ್ಯಾಯ ಸಿಕ್ಕಿದೆಯೇ’ ಎಂಬುದಲ್ಲ ಎಂದು ನನಗನಿಸುತ್ತದೆ. ಆ ಪ್ರಶ್ನೆ ಬೇಕು, ಮಾವನನ್ನು ಬರೀ ಖಳನಾಗಿ ಬರೆದರೆ ಆಸ್ಪತ್ರೆಯ ಬೆಂಚು ಸುಳ್ಳಾಗುತ್ತದೆ. ಅದಕ್ಕಿಂತ ಮೊದಲು ಕೇಳಬೇಕಾದದ್ದು, ಈ ರಸ್ತೆಯ ಕತೆಯಲ್ಲಿ ಯಾರು ಇಲ್ಲ ಮತ್ತು ಅವರು ಇಲ್ಲದಿರುವುದು ಕತೆಗೆ ಗೊತ್ತಿದೆಯೇ ಎಂಬುದು. ಆಲನಹಳ್ಳಿಯವರಿಗೆ ಕಮಲಿ ಗೊತ್ತಿದ್ದಳು. ಶಾನಭಾಗರಿಗೆ ಬಾಗಿಲಲ್ಲಿ ನಿಂತ ಹೆಂಗಸು ಗೊತ್ತಿದ್ದಾಳೆ. ನಮ್ಮ ಸೌಹಾರ್ದದ ಕತೆಗಳು ಎಡವುವುದು ಇಲ್ಲೇ. ಒಳಗಿರುವ ಇಬ್ಬರನ್ನು ಅಪ್ಪಿಕೊಳ್ಳುವಂತೆ ಮಾಡಿ ಅವು ಗೇಟು ಹಾಕಿಕೊಳ್ಳುತ್ತವೆ.

ಕಿಟ್ಟಿಗೆ ಒಂದು ಅನುಕೂಲವಿತ್ತು. ಅವನು ಮಗು, ಆ ಊರನ್ನು ಅವನು ಆರಿಸಿಕೊಂಡಿರಲಿಲ್ಲ. ಬಡಾವಣೆಯ ಕತೆಗಾರನಿಗೆ ಆ ಮುಗ್ಧತೆ ದಕ್ಕುವುದಿಲ್ಲ. ಅವನ ಮನೆಯ ಕ್ರಯಪತ್ರದಲ್ಲಿ ಚಕ್ಕುಬಂದಿ ಬರೆದಿರುತ್ತದೆ, ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಸೈಟು ಎಂದು. ಬ್ರೋಕರು ದನಿ ತಗ್ಗಿಸಿ ಹೇಳಿದ ಮಾತು ಮಾತ್ರ ಅದರಲ್ಲಿ ಇರುವುದಿಲ್ಲ. ಅದನ್ನು ಬರೆಯುವ ಕೆಲಸ ಕತೆಗಾರನಿಗೆ ಬಾಕಿಯಿದೆ. ಗೆಳೆಯನ ಹೊಸ ಮನೆಗೆ ನಾನು ಇನ್ನೂ ಹೋಗಿಲ್ಲ.